ಅಣ್ಣನ ಮಂಡಿ ತುಳಿದದ್ದು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ಅಷ್ಟಕ್ಕೇ ಊರಿನವರು ನನ್ನನ್ನು ವೈದ್ಯಳನ್ನಾಗಿ ಮಾಡಿಬಿಟ್ಟರು. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ತುಳಿದರೆ ಹಿಡಿದ ಸೊಂಟ ಬಿಡುತ್ತದೆ, ಉಳುಕು ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಕೆ.ಆರ್. ಪೇಟೆ ಕಡೆ ಇನ್ನೂ ಗಟ್ಟಿಯಾಗಿದೆ. ಫ್ರಾಕು ಹಾಕುವ ವಯಸ್ಸಿಗೇ ಮೀಸೆ ಹೊತ್ತ ಗಂಡಸರನ್ನು ಜಗಲಿಯ ಮೇಲೆ ಮಲಗಿಸಿ ತುಳಿದಿದ್ದೇನೆ. ಮಜವಾಗಿಯೇ ಇತ್ತು.

ಮುಂದೆ ನಾಗಮಂಗಲದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾದೆ. ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬರೆಯುತ್ತಿದ್ದವಳು ರಜೆಗೆ ಊರಿಗೆ ಬಂದರೆ ಮತ್ತೆ ತುಳಿಯುತ್ತಿದ್ದೆ. ಒಲ್ಲೆ ಎನ್ನಲು ದಾಕ್ಷಿಣ್ಯ ಎಂದು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಜಂಬ.

ಒಂದು ವರ್ಷ ನಾನು ಹೀಗೆ ರಜೆಗೆ ಬಂದಿದ್ದಾಗ ನಮ್ಮಣ್ಣ ಮಾಕವಳ್ಳಿ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ತುಂಬುತ್ತಿದ್ದ. ಟ್ರೈಲರಿನ ಮೇಲೆ ಕಂತೆ ಜೋಡಿಸಿ ಮುಗಿಸಿದವನು ಒರಗಿಸಿದ್ದ ಹಲಗೆ ಮೇಲೆ ಇಳಿಯದೆ, ಅಷ್ಟೆತ್ತರದಿಂದ ಗಟ್ಟಿ ನೆಲಕ್ಕೆ ಧುಮುಕಿದ. ಮನೆಗೆ ಬರುವ ಹೊತ್ತಿಗೆ ಎಡಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

"ಆಸ್ಪತ್ರೆಗೆ ಹೋಗಾನ ನಡಿಯಣ್ಣ" ಎಂದೆ, ಬಾಯುಪಚಾರಕ್ಕೆ.

"ಆಸ್ಪತ್ರೆ ಯಾಕವ್ವ, ನೀನಿಲ್ವ? ತುಳಿ."

ತುಳಿದೆ. ಮೂರು ಸಲ, ಮೈಭಾರವೆಲ್ಲ ಹಾಕಿ. ಅಣ್ಣ ಹಲ್ಲು ಕಚ್ಚಿಕೊಂಡ. "ಬುಟ್ಬುಡ್ತು ಕಣವ್ವ" ಎಂದು ಗೋಡೆ ಹಿಡಿದು ಎದ್ದ. ತುಳಿಸಿಕೊಂಡವರು ಮಲಗಬಾರದು, ಓಡಾಡಬೇಕು ಎಂಬುದೂ ನಮ್ಮ ಪದ್ಧತಿಯೇ. ಮಾರನೆಯ ದಿನ ಅದನ್ನು ನೆನಪಿಸಿ ಕಬ್ಬು ಹೊರಲು ಕಳಿಸಿದವಳೂ ನಾನೇ.

ಅದಾಗಿ ಎಷ್ಟೋ ವರ್ಷವಾಯಿತು. ಈಗ ಅಣ್ಣನಿಗೆ ಗದ್ದೆಯ ಬದು ಹತ್ತಲಾಗುವುದಿಲ್ಲ, ಕುಕ್ಕರಗಾಲಲ್ಲಿ ಕೂತು ಹಸು ಕರೆಯಲಾಗುವುದಿಲ್ಲ. ಹೋದ ತಿಂಗಳು ಮಂಡ್ಯದಲ್ಲಿ ಮೂಳೆ ಡಾಕ್ಟರೊಬ್ಬರು ಸ್ಕ್ಯಾನು ನೋಡಿ ಬಿಡಿಸಿ ಹೇಳಿದರು. ಕೀಲಿನೊಳಗೆ ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಜೋರು ಪೆಟ್ಟು ಬಿದ್ದರೆ ಅದರೊಳಗಿನ ಕೆಲವು ಜೀವಕೋಶಗಳು ಆಗಲೇ ಸಾಯುತ್ತವೆ. ಮುಂದಿನ ದಿನಗಳಲ್ಲಿ ಸುತ್ತಲಿನವೂ ಸಾಯುತ್ತಾ ಹೋಗುತ್ತವೆ. ಆ ಹೊದಿಕೆಯಲ್ಲಿ ರಕ್ತನಾಳಗಳಿಲ್ಲ. ಸತ್ತವುಗಳ ಜಾಗ ತುಂಬುವುದಿಲ್ಲ, ಹೊದಿಕೆ ವರ್ಷಗಟ್ಟಲೆ ಸವೆಯುತ್ತದೆ. ಇಷ್ಟನ್ನೂ ತಲೆಯಾಡಿಸುತ್ತಾ ಕೇಳಿದೆ, ಜೀವಕೋಶವನ್ನು ಪಾಠ ಮಾಡುವವಳು!

ಅಣ್ಣ ಆಚೆ ಹೋದ ಮೇಲೆ ಕೇಳಿದೆ: "ಊದಿದ್ದ ಮಂಡಿಯನ್ನ ಯಾರಾದ್ರೂ ತುಳಿದಿದ್ರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಧುಮುಕಿದಾಗ ಎಷ್ಟು ಹಾಳಾಯ್ತು, ಆಮೇಲೆ ಎಷ್ಟು ಅಂತ ಈಗ ಯಾರಿಗೂ ಹೇಳೋಕಾಗಲ್ಲ. ಆ ಕಾಲಿಗೆ ಬೇಕಿದ್ದದ್ದು ರೆಸ್ಟು. ಯಾರು ತುಳಿದದ್ದು?"

"ಊರಲ್ಲಿ ಯಾರೋ ಒಬ್ಬರು" ಎಂದೆ. ಆ ಸುಳ್ಳಿಗೆ ಇವತ್ತೂ ನಾಚಿಕೆಯಾಗುತ್ತದೆ.

ಅಣ್ಣನಿಗೆ ಮಾತ್ರ ಸುಳ್ಳು ಹೇಳಲಿಲ್ಲ. ಅವತ್ತೇ ಸಂಜೆ ಜಗಲಿಯ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅವನು ನಕ್ಕು, ಪಂಚೆಯನ್ನು ಮಂಡಿಯ ಮೇಲಕ್ಕೆ ಎಳೆದುಕೊಂಡು ಕಾಲು ಚಾಚಿದ.

"ಆ ಡಾಕ್ಟ್ರಿಗೇನು ಗೊತ್ತವ್ವ? ಅವತ್ತು ನೀನು ತುಳುದ್ಮೇಲೆ ತಾನೆ ನಾನು ಎದ್ದಿದ್ದು. ಇನ್ನೊಂದ್ಸಲ ತುಳಿ, ಸರೋಯ್ತದೆ."

"ಇಲ್ಲಣ್ಣ, ಸರಿಯಾಗಲ್ಲ."

ಅಣ್ಣ ನನ್ನ ಪಾದವನ್ನೇ ನೋಡಿದ.

"ಅಂಗಾರೆ ನಿನ್ ಕೈಲೂ ಆಗಲ್ವಾ?" ಎಂದು ಪಂಚೆಯನ್ನು ಕೆಳಗಿಳಿಸಿಕೊಂಡ.