ಹಗಲು ಮಲಗುವ ಬೀದಿ

ಬೆಳಗಿನ ಹತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಬೀದಿಯ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಜಗಳವಾಡುತ್ತಿದ್ದರು. ಒಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಬೆರಳು ಆಡಿಸುತ್ತಿದ್ದಳು, ಇನ್ನೊಬ್ಬಳು ಕೊಡ ಎತ್ತಿಕೊಂಡು ಹೊಡೆಯುವ ಹಾಗೆ ಮುಂದೆ ಬಂದಳು. ಬಾಯಿಗಳು ಆಡುತ್ತಿದ್ದವು, ಸ್ವರವೇ ಇರಲಿಲ್ಲ. ಮಹಡಿಯ ಕಿಟಕಿಯಲ್ಲಿ ನಿಂತಿದ್ದ ನಾನು ನನ್ನ ಕಿವಿಯನ್ನೇ ತಿಕ್ಕಿಕೊಂಡೆ.

ಮದುವೆಯಾಗಿ ಮೈಸೂರಿನಿಂದ ಕೋಲಾರದ ಚಿನ್ನದ ಗಣಿಗೆ ಬಂದ ಮಾರನೆಯ ದಿನ ಅದು, ಐವತ್ತರ ದಶಕದ ಕೊನೆ. ನಮ್ಮವರು ಗಣಿಯ ಆಫೀಸಿನಲ್ಲಿ ಗುಮಾಸ್ತರು. ಕ್ವಾರ್ಟರ್ಸ್ ಸಿಗುವ ತನಕ ಎಂದು ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಬಾಡಿಗೆಗೆ ಹಿಡಿದು, "ಒನ್ ಬೆಡ್‌ರೂಮ್ ಅಪಾರ್ಟ್‌ಮೆಂಟ್" ಎಂದು ಬಹಳ ಸ್ಟೈಲಾಗಿ ನನಗೆ ಬರೆದಿದ್ದರು. ಕಾನ್ವೆಂಟಿನಲ್ಲಿ ಓದಿದ ನಾನು ಲೇಸ್ ಕರ್ಟನ್ನು, ಬಾಲ್ಕನಿಯಲ್ಲಿ ಟೀ ಎಂದೆಲ್ಲ ಕಲ್ಪಿಸಿಕೊಂಡೇ ರೈಲು ಹತ್ತಿದ್ದೆ. ಬಂದು ನೋಡಿದರೆ ಕಡಿದಾದ ಮೆಟ್ಟಿಲು, ಒಂದು ಹಾಲ್, ಒಬ್ಬರು ನಿಂತರೆ ತುಂಬುವ ಅಡುಗೆಮನೆ. ಬೆಡ್‌ರೂಮಿನಲ್ಲಿ ಮಂಚ ಹಾಕಿದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಮೈಸೂರಿನ ನಮ್ಮ ಮನೆಯ ಕಿಟಕಿಗೆ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಇಲ್ಲಿ ಕಂಡದ್ದು ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಬೂದುಬಿಳಿ ಗುಡ್ಡ. ಗಾಳಿ ಬಂದರೆ ಅದರ ಧೂಳು ನನ್ನ ಹಾಲಿನ ಪಾತ್ರೆಗೇ ನೇರ ಬಂದು ಬೀಳುತ್ತಿತ್ತು.

ಸರಿ, ಪರಿಚಯ ಮಾಡಿಕೊಳ್ಳೋಣ ಎಂದು ಹೀಲ್ಸ್ ಚಪ್ಪಲಿ ಹಾಕಿ ಟಕಟಕ ಕೆಳಗಿಳಿದೆ. ಕೆಳಗಿನ ಮನೆಯಲ್ಲಿ ಇದ್ದವಳು ಮನೆ ಒಡತಿ ಮುನಿಯಮ್ಮ. ಕಾಮಸಮುದ್ರದ ಕಡೆಯ ಹಳ್ಳಿಯವಳು. ಗಂಡ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಸುರಂಗಕ್ಕೆ ಇಳಿಯುವ ಕೆಲಸಗಾರ. ಅವಳ ಬಾಗಿಲಿಗೂ ಕಿಟಕಿಗೂ ಒದ್ದೆ ಗೋಣಿಚೀಲ ತೂಗುಬಿಟ್ಟಿತ್ತು. "ನಮಸ್ಕಾರ, ನಾನು ಮೇಲಿನ ಮನೆಯವಳು!" ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟಳು. ನನ್ನ ಚಪ್ಪಲಿಯನ್ನು ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡಳು, ಅದನ್ನೂ ಬಲು ಮೆತ್ತಗೆ.

ಐ ವಾಸ್ ಶಾಕ್ಡ್.

ನಮ್ಮ ಹಾಸ್ಟೆಲಿನಲ್ಲಿ ದೊಡ್ಡ ತಪ್ಪು ಮಾಡಿದ ಹುಡುಗಿಗೆ ಏಟು ಕೊಡುತ್ತಿರಲಿಲ್ಲ. ಒಂದು ವಾರ ಯಾರೂ ಅವಳನ್ನು ಮಾತಾಡಿಸಬಾರದು, ಅದೇ ಪನಿಶ್‌ಮೆಂಟ್. ಏಟಿಗಿಂತ ಅದಕ್ಕೇ ನಾವು ಹೆದರುತ್ತಿದ್ದೆವು. ಈ ಬೀದಿಯವರು ನನಗೆ ಅದನ್ನೇ ಕೊಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಎದುರುಮನೆಯ ಅಂಜಲೈ ಎಂಬ ತಮಿಳು ಹೆಂಗಸು ನನ್ನನ್ನು ಕಂಡರೆ ನಗುವಳು, ಕೈಯಲ್ಲಿ ಏನೋ ಸನ್ನೆ ಮಾಡುವಳು, ಒಂದು ಮಾತಿಲ್ಲ. ಫೈನ್, ನನಗೂ ಮಾನವಿದೆ ಎಂದುಕೊಂಡೆ. ಚಪ್ಪಲಿ ಪೆಟ್ಟಿಗೆ ಸೇರಿತು. ಬರಿಗಾಲಲ್ಲಿ ಓಡಾಡಿದೆ. ನನ್ನ ಮನೆಯಿಂದ ಒಂದು ಸದ್ದೂ ಇವರಿಗೆ ಕೇಳಿಸಬಾರದೆಂದು, ಪಾತ್ರೆ ಇಡುವಾಗ ಅದರ ಅಡಿಗೆ ಕಿರುಬೆರಳು ಕೊಟ್ಟು ಇಡುವುದನ್ನು ಕಲಿತೆ. ಸಂಜೆಯ ಹೊತ್ತಿಗೆ ಗೋಣಿಚೀಲ ಸರಿದು ಬೀದಿಯಲ್ಲಿ ಮಾತು, ನಗು ಏಳುತ್ತಿತ್ತು. ತಮಿಳು, ತೆಲುಗು, ನನಗೆ ಅರ್ಧವೇ ಅರ್ಥವಾಗುವ ಇಲ್ಲಿಯ ಕನ್ನಡ. ಅಷ್ಟರಲ್ಲಿ ನಾನು ಬಾಗಿಲು ಹಾಕಿಕೊಂಡಿರುತ್ತಿದ್ದೆ.

ಶನಿವಾರ ಟ್ರಂಕ್ ತುಂಬಿದೆ. "ನಾಳೆ ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಬೆಂಗಳೂರು ರೈಲು ಹತ್ತಿಸಿಬಿಡಿ. ಮೈಸೂರಿಗೆ ನಾನೇ ಹೋಗುತ್ತೇನೆ" ಎಂದೆ. ನಮ್ಮವರ ಮುಖ ಸಣ್ಣದಾಯಿತು.

"ಹೋದರೆ ಮತ್ತೆ ಬರ್ತೀಯಾ?"

ನಾನು ಟ್ರಂಕಿನ ಚಿಲಕ ಹಾಕಿದೆ.

ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಗಲಾಟೆ. ರುಬ್ಬುಗುಂಡು ಗುಡುಗುತ್ತಿತ್ತು, ಯಾರದೋ ಮನೆಯ ರೇಡಿಯೋ ಅರಚುತ್ತಿತ್ತು. ಕಿಟಕಿಯಿಂದ ಬಗ್ಗಿದರೆ ಅದೇ ಇಬ್ಬರು ಹೆಂಗಸರು, ಅದೇ ನಲ್ಲಿ, ಅದೇ ಜಗಳ. ಈಗ ಗಂಟಲು ಹರಿಯುವ ಹಾಗೆ. ಕೆಳಗಿನ ಬಾಗಿಲಲ್ಲಿ ಗೋಣಿಚೀಲವಿರಲಿಲ್ಲ. ಮೆಟ್ಟಿಲ ಮೇಲೆ ದಡದಡ ಕಾಲಸಪ್ಪಳ. ಮುನಿಯಮ್ಮ ಅವರೆಕಾಳು ಸಾರಿನ ಪಾತ್ರೆ ಹಿಡಿದು ಬಂದಳು, ಹಿಂದೆ ದೋಸೆಯ ತಟ್ಟೆಯೊಂದಿಗೆ ಅಂಜಲೈ.

"ಏನಮ್ಮಣ್ಣಿ, ವಾರಾತು ಬಂದು, ಒಂದ್ ಕಿತ ಕೂತು ಮಾತಾಡಾಕಾಗ್ಲಿಲ್ಲ ನೋಡು! ಇಂದೆ ಈ ಮನ್ಯಾಗಿದ್ದೋಳು ಅಗಲೆಲ್ಲ ರೇಡಿಯೋ ಆಕೋಳು. ನಮ್ಮೋರು ನೈಟ್ ಶಿಫ್ಟ್ ಮುಗ್ಸಿ ಬಂದ್ರೆ ಒಂದ್ ಗಳ್ಗೆ ನಿದ್ದೆ ಇಲ್ಲ. ಮನೆ ಖಾಲಿ ಮಾಡು ತಾಯಿ ಅಂದ್ಬುಟ್ಟೆ. ನೀನು ಓಡಾಡಿದ್ರೆ ಬೆಕ್ಕು ಓಡಾಡ್ದಂಗೈತೆ!"

"ನಲ್ಲ ಪೊಣ್ಣು" ಎಂದಳು ಅಂಜಲೈ. ಒಳ್ಳೆಯ ಹುಡುಗಿ ಎಂದು ಅರ್ಥ. ಅವಳ ಗಂಡನೂ ಮುನಿಯಮ್ಮನ ಗಂಡನ ಜೊತೆಗೇ ಗಣಿಗೆ ಇಳಿಯುವವನು. ಬೀದಿಯ ಅರ್ಧ ಗಂಡಸರಿಗೆ ಆ ವಾರ ರಾತ್ರಿ ಪಾಳಿ, ಉಳಿದವರಿಗೆ ಮುಂದಿನ ವಾರ.

ದೋಸೆಯ ತಟ್ಟೆ ಇಸಿದುಕೊಳ್ಳುತ್ತಾ ಕೇಳಿದೆ: "ಅದಕ್ಕೇನಾ ಯಾರೂ... ಜಗಳವನ್ನೂ ಹಾಗೇ ಆಡ್ತೀರಾ?"

"ಜಗಳ ಬುಡಾಕಾಯ್ತದಾ? ಕೈಯಾಗೆ ಬೈಕೊಂಡು ಬಾಕಿದ್ದು ರಜಾ ಇರೋ ಭಾನ್ವಾರಕ್ಕೆ ಮಡಿಕ್ಕಂತೀವಿ." ನಕ್ಕವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಿದ್ದೆಗೆಟ್ಟೋನು ಒಳಕ್ಕಿಳೀಬಾರ್ದಮ್ಮ. ನಮ್ಮಣ್ಣ ಗಣಿಯಾಗೆ ಅಂಗೇ ಸತ್ತೋದ. ನಿಂತಂಗೇ ತೂಕಡಿಸಿದ್ನಂತೆ."

ಆಮೇಲೆ ಅವಳ ಕಣ್ಣು ಟ್ರಂಕಿನ ಮೇಲೆ ಬಿತ್ತು. "ಇದ್ಯಾಕೆ ತುಂಬಿ ಮಡಗೀಯಾ? ಎಲ್ಲಿಗೋ ಓಯ್ತಾ ಇದೀಯಾ?"

ಬಾಗಿಲ ಬಳಿ ನಿಂತಿದ್ದ ನಮ್ಮವರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ... ಬಟ್ಟೆ ಇಡಕ್ಕೆ ಜಾಗ ಇಲ್ಲ" ಎಂದೆ.

"ಅಷ್ಟೇ ತಾನೆ! ಗೋಡೆಗೆ ಅಲಗೆ ಒಡಿಸ್ತೀನಿ ಬುಡು. ಇವತ್ತೇ ಆಗ್ಬೇಕು, ನಾಳೆ ಸುತ್ತಿಗೆ ಮುಟ್ಟಂಗಿಲ್ಲ."

ಮಧ್ಯಾಹ್ನ ಅವಳ ಗಂಡ ಹಲಗೆ, ಸುತ್ತಿಗೆ ಹಿಡಿದು ಮೇಲೆ ಬಂದರು. ವಾರವಿಡೀ ನನ್ನ ಕಾಲಡಿಯಲ್ಲಿ ಮಲಗಿದ್ದ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು ಆಗ. ಸಣ್ಣಗಿನ ಆಳು, ಕಣ್ಣು ತಿಳಿಯಾಗಿತ್ತು. ಮೊಳೆ ಹೊಡೆದು ಮುಗಿಸಿ, ಇಳಿದು ಹೋಗುವಾಗ ತಿರುಗಿ ಹೇಳಿದರು: "ಈ ವಾರ ನಿದ್ದೆ ಚೆನ್ನಾಗಿ ಬಂತಮ್ಮ."

ಅವರು ಹೋದ ಮೇಲೆ ನಮ್ಮವರು ತಲೆ ಕೆರೆದುಕೊಂಡರು. "ಮನೆ ನೋಡೋಕೆ ಬಂದಾಗ ಮುನಿಯಮ್ಮ ಇದೊಂದೇ ಕಂಡೀಷನ್ ಹಾಕಿದ್ದರು. ನಿನಗೆ ಹೇಳ್ಲಿಲ್ವಾ ನಾನು?"

ಟ್ರಂಕಿನ ಬಟ್ಟೆ ಒಂದೊಂದಾಗಿ ಹಲಗೆ ಏರಿತು. ಕ್ವಾರ್ಟರ್ಸ್ ಸಿಕ್ಕಾಗಲೂ ನಾನು ಆ ಮನೆ ಬಿಡಲಿಲ್ಲ.

ದೀಪಾವಳಿಗೆ ಮೈಸೂರಿಗೆ ಹೋದರೆ ನಮ್ಮಮ್ಮ ಎರಡನೆಯ ದಿನವೇ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಯಾರ ಮೇಲೇ ಕೋಪ? ಬಂದಾಗಿನಿಂದ ಪಿಸುಪಿಸು ಅಂತೀಯ, ಕಳ್ಳಿ ಹಾಗೆ ಓಡಾಡ್ತೀಯ." ಅಲ್ಲಿ ಅಕ್ಕರೆಯಾದದ್ದು ಇಲ್ಲಿ ಮುನಿಸಾಗಿತ್ತು. ಏನು ಹೇಳಲಿ? ನಕ್ಕು, ಲೋಟವನ್ನು ಠಣ್ ಎಂದು ಕುಕ್ಕಿದೆ. ಕುಕ್ಕಿದ ಕೂಡಲೇ ನೆಲ ನೋಡಿದೆ.

ನಮ್ಮವರು ತೀರಿಹೋದ ಮೇಲೆ ನಾನು ಹುಟ್ಟಿದೂರು ಮೈಸೂರಿಗೇ ವಾಪಸ್ ಬಂದೆ. ಇಲ್ಲೇ ಇದ್ದೇನೆ, ಈ ಸಲ ನಿಜವಾದ ಒನ್ ಬೆಡ್‌ರೂಮ್ ಅಪಾರ್ಟ್‌ಮೆಂಟಿನಲ್ಲಿ, ಬಾಲ್ಕನಿ ಸಮೇತ. ಗಣಿ ಮುಚ್ಚಿತು. ಆ ಬೀದಿಯಲ್ಲಿ ಹಗಲು ಮಲಗುವವರು ಈಗ ಯಾರೂ ಇಲ್ಲವಂತೆ. ನನ್ನ ಕೆಳಗಿನ ಮನೆಗೂ ಬೀಗ. ಆದರೂ ಪಾತ್ರೆಯ ಅಡಿಗೆ ಕಿರುಬೆರಳು ತಾನಾಗಿ ಹೋಗುತ್ತದೆ. ಒಮ್ಮೊಮ್ಮೆ ಕೆಳಗೆ ಕಾರು ನಿಲ್ಲಿಸುವ ಜಾಗಕ್ಕಾಗಿ ಯಾರೋ ಗಂಟಲು ಹರಿದುಕೊಂಡು ಜಗಳವಾಡುತ್ತಾರೆ. ಅವತ್ತು ಮಂಗಳವಾರವೇ ಆಗಿರಲಿ, ನನಗೆ ಮಾತ್ರ ಭಾನುವಾರ ಅನ್ನಿಸಿಬಿಡುತ್ತದೆ. ಎದ್ದು ಹೋಗಿ ಬಾಗಿಲು ತೆರೆದು, ಮೆಟ್ಟಿಲಲ್ಲಿ ಯಾರಾದರೂ ಹತ್ತಿ ಬರುತ್ತಿದ್ದಾರಾ ಎಂದು ನೋಡುತ್ತೇನೆ.