ಅಪ್ಪನ ಬಿಲ್ಲಿನ ಹೆದೆ

ಅಪ್ಪನ ಬಿಲ್ಲಿನ ಹೆದೆಯನ್ನು ಕುಯ್ದವನು ನಾನೇ. ಪೂರ್ತಿ ಅಲ್ಲ, ಹೊಸೆದ ಮೂರು ಎಳೆಗಳಲ್ಲಿ ಒಂದನ್ನು, ಮೇಲಿನ ಗಂಟಿನ ಕೆಳಗೆ, ಗಡ್ಡ ಕೆರೆಯುವ ಬ್ಲೇಡಿನಿಂದ. ಬೇಟೆಯ ದಿನ ಬೆಳಗಿನ ಹೊತ್ತು, ಅಪ್ಪ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಿದ್ದ. ಕುಯ್ದ ಜಾಗಕ್ಕೆ ಜೇನುಮೇಣ ತಿಕ್ಕಿ ಮುಚ್ಚಿ, ಬಿಲ್ಲನ್ನು ಗೂಟಕ್ಕೆ ತಗುಲಿಸಿ, ಏನೂ ಅರಿಯದವನಂತೆ ಚಹಾ ಕುಡಿಯುತ್ತಾ ಕೂತೆ.

ಮಾಡಿದ್ದಕ್ಕೆ ಕಾರಣವಿತ್ತು. ಅಪ್ಪನಿಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು, ಆದರೆ ಒಪ್ಪಿಕೊಳ್ಳುವ ಆಸಾಮಿ ಅವನಲ್ಲ. ಒಮ್ಮೆ ದೇವಸಮುದ್ರಕ್ಕೆ ಹೋಗಲು ಬಸ್ಸೆಂದುಕೊಂಡು ಲಾರಿಗೆ ಕೈ ಮಾಡಿದ. ಲಾರಿ ನಿಂತಾಗ, ಲಾರಿಗೇ ಕೈ ಮಾಡಿದ್ದು ಎಂದು ಹತ್ತಿಯೇ ಹೋದ. ಆಮೇಲೊಂದು ದಿನ ಹಿತ್ತಿಲಲ್ಲಿ ಹುಲ್ಲಿನ ಕಂತೆಗೆ ಬಿಟ್ಟ ಬಾಣ ಪಕ್ಕದ ಮನೆಯ ನೀರಿನ ಡ್ರಮ್ಮಿಗೆ ನಾಟಿತು. ಗಾಳಿಗೆ ತಿರುಗಿತು ಎಂದ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾವೆಲ್ಲ ನಕ್ಕೆವು. ಆ ಮನೆಯ ಹೆಣ್ಣುಮಗಳು ಆಗ ತಾನೇ ಅಲ್ಲಿಂದ ಕೊಡ ತುಂಬಿಕೊಂಡು ಹೋಗಿದ್ದಳು ಎಂದು ಅವ್ವ ಹೇಳಿದ ಮೇಲೆ ಯಾರೂ ನಗಲಿಲ್ಲ.

ಕೈಗಳಲ್ಲಿ ಮಾತ್ರ ಕುಂದಿರಲಿಲ್ಲ. ಬಿಲ್ಲಿಗೆಂದು ತಡಸಲು ಮರದ ಕಟ್ಟಿಗೆಯನ್ನು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಕೆತ್ತಿ, ಎರಡೂ ತುದಿ ಒಂದೇ ಸಮ ಬಾಗುತ್ತವೆಯೇ ಎಂದು ಮಂಡಿಗೆ ಒತ್ತಿ ನೋಡುತ್ತಿದ್ದ. ಬಾಣದ ಬೆತ್ತವನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ ತೊಡೆಯ ಮೇಲೆ ಉರುಳಿಸುವಾಗ, ನಮ್ಮ ಕಣ್ಣಿಗೆ ಕಾಣದ ಸೊಟ್ಟ ಅವನ ಬೆರಳಿಗೆ ಸಿಗುತ್ತಿತ್ತು. ನಾವು ಕುಲದ ಕಟ್ಟಿನಂತೆ ಕೋಳಿ ಮುಟ್ಟದ ಮಂದಿ, ಅದರ ಗರಿಯೂ ಕೂಡದು. ಬಾಣದ ಬಾಲಕ್ಕೆ ಹದ್ದಿನ ಗರಿಯೇ ಆಗಬೇಕು, ಅದೂ ತಾನಾಗಿ ಉದುರಿದ್ದು. ಅದನ್ನು ಹುಡುಕಿ ಗುಡ್ಡದ ಬುಡದಲ್ಲಿ ಅರ್ಧ ದಿನ ಅಲೆದು ಬರುತ್ತಿದ್ದ.

ಯುಗಾದಿಯಾದ ಮೇಲೆ ನಮ್ಮ ಮನೆತನದ ಗಂಡಸರು ಬಿಲ್ಲು ಹಿಡಿದು ಸಿದ್ದಾಪುರದ ಆಚೆಯ ಗುಡ್ಡಕ್ಕೆ ಹೋಗುವ ಪದ್ಧತಿ. ಅರಣ್ಯ ಇಲಾಖೆಯವರ ಭಯದಿಂದ ಈಗ ಅದು ಹೆಸರಿಗಷ್ಟೇ ಬೇಟೆ. ಬರಿಗೈಯಲ್ಲಿ ಬಂದರೆ ಎಲ್ಲರಿಗೂ ಒಳಗೊಳಗೇ ಸಮಾಧಾನ. ಆದರೆ ಮೊದಲ ಬಾಣವನ್ನು ಹಿರಿಯನೇ ಬಿಡಬೇಕು. ಅವನು ಬಂಡೆಯ ಮೇಲೆ ನಿಲ್ಲುತ್ತಾನೆ, ಉಳಿದವರು ಎದುರಿನಿಂದ ಪೊದೆ ಬಡಿಯುತ್ತಾ ಅವನ ಕಡೆಗೇ ನಡೆದು ಬರುತ್ತಾರೆ. ಅಂದರೆ ಎಲ್ಲರ ಎದೆಯೂ ಅಪ್ಪನ ಬಾಣಕ್ಕೆ ಎದುರಾಗಿರುತ್ತದೆ. ಮುಂದೆ ಬರುವವನು ಯಾವಾಗಲೂ ಚಿಕ್ಕಪ್ಪ.

ನನಗೆ ಹೊಳೆದ ಉಪಾಯ ಇಷ್ಟೇ. ಹೊರಡುವ ಮುನ್ನ ಅಂಗಳದಲ್ಲಿ ದೇವರಿಗೆ ಕೈ ಮುಗಿದು ಬಿಲ್ಲಿಗೆ ಹೆದೆ ಏರಿಸಬೇಕು. ಏರಿಸುವಾಗ ಹೆದೆ ಹರಿದರೆ ಆ ಬಿಲ್ಲು ಆ ವರ್ಷ ಅಂಗಳ ದಾಟುವಂತಿಲ್ಲ. ಹರಿದರೆ ಅಪ್ಪ ಮನೆಯಲ್ಲೇ ಉಳಿಯುತ್ತಾನೆ, ಯಾರೂ ಅವನಿಗೆ ಕಣ್ಣಿನ ಮಾತು ಹೇಳಬೇಕಾಗಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿಯ ಮುಖಕ್ಕೆ ಹೊಡೆದಂತೆ ಮಾತಾಡುವ ನಾನು ಅಪ್ಪನ ಮುಂದೆ ಹೇಡಿ.

ಹೆದೆ ಹರಿಯಲಿಲ್ಲ. ಹೆದರುತ್ತಾ ಕುಯ್ದಿದ್ದರಿಂದ ಸಾಕಾಗುವಷ್ಟು ಕುಯ್ದಿರಲಿಲ್ಲ. ಅಪ್ಪ ಬಿಲ್ಲು ಬಗ್ಗಿಸಿ ಹೆದೆ ಏರಿಸಿದ, ಬೆರಳಲ್ಲಿ ಒಮ್ಮೆ ಮೀಟಿದ, ಹೆಗಲಿಗೆ ಹಾಕಿಕೊಂಡು ಹೊರಟ.

ಗುಡ್ಡ ಹತ್ತುವಾಗ ನನಗೆ ನಿಜವಾದ ಭಯ ಹತ್ತಿತು. ಏರಿಸುವಾಗ ಹರಿಯದ ಹೆದೆ ಕಿವಿಯವರೆಗೆ ಎಳೆದಾಗ ಹರಿಯುತ್ತದೆ. ಚಿಕ್ಕವನಿದ್ದಾಗ ಆಟದ ಬಿಲ್ಲಿನ ಹೆದೆ ಹರಿದೇ ನನ್ನ ಕೆನ್ನೆಯಲ್ಲಿ ಬರೆ ಎದ್ದಿತ್ತು. ಇದು ಅಪ್ಪನ ಬಿಲ್ಲು. ಹರಿದರೆ ಹೆದೆಯ ತುದಿ ನೇರ ಅವನ ಕಣ್ಣಿಗೇ ಬಡಿಯುತ್ತದೆ. ಇರುವ ಮಂಜುಗಣ್ಣೂ ಹೋಗುತ್ತದೆ, ನನ್ನ ಕೈಯಿಂದಲೇ. ಹೇಳಿಬಿಡು, ಈಗ ಹೇಳಿಬಿಡು ಎಂದು ಹೆಜ್ಜೆಹೆಜ್ಜೆಗೂ ಅಂದುಕೊಂಡೆ.

"ಯಾಕಲೇ, ಹರಳೆಣ್ಣೆ ಕುಡ್ದಂಗೆ ಮಖ ಮಾಡ್ಕಂಡಿದೀಯಾ?" ಎಂದ ಚಿಕ್ಕಪ್ಪ.

"ಏನಿಲ್ಲ ಚಿಕ್ಕಪ್ಪ, ಬಿಸ್ಲು."

ಬಾಣ ಎತ್ತಿಕೊಡುವುದಕ್ಕೆಂದು ಬಂಡೆಯ ಮೇಲೆ ಅಪ್ಪನ ಪಕ್ಕದಲ್ಲಿ ನಾನೊಬ್ಬನೇ ಉಳಿದೆ. ಚಿಕ್ಕಪ್ಪನೂ ಉಳಿದವರೂ ಸುತ್ತಿಕೊಂಡು ಎದುರಿನ ಇಳಿಜಾರಿಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೂಗು, ಕೋಲಿನ ಸದ್ದು ಹತ್ತಿರವಾಯಿತು. ಕೆಳಗೆ ಒಂದು ಪೊದೆ ಅಲ್ಲಾಡಿತು. ಮೊಲವೋ, ಯಾರದೋ ಕುರಿಯೋ, ಚಿಕ್ಕಪ್ಪನೋ ನನಗೂ ತಿಳಿಯಲಿಲ್ಲ. ಅಪ್ಪ ಬೆತ್ತದ ಬಾಣ ಹೂಡಿ ಬಿಲ್ಲೆತ್ತಿದ, ಎಳೆಯತೊಡಗಿದ. "ಬ್ಯಾಡ" ಎಂಬ ಒಂದು ಮಾತು ಸಾಕಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ಬಿಡುತ್ತಿದ್ದ. ಬಾಣ ತೆಗೆದು, ಬಿಲ್ಲನ್ನು ನನ್ನ ಕಡೆ ಚಾಚಿದ.

"ತಗೋ. ನೀನೇ ಎಳಿ."

"ಮೊದ್ಲು ನಿಂದಲ್ವಾ ಅಪ್ಪ?"

"ನಾನೇ ಹೇಳ್ತಿದೀನಲ್ಲ. ಕಿವಿಗಂಟ ಎಳಿ."

ಬಿಲ್ಲು ಕೈಗೆ ಬಂತು. ನನ್ನ ಹೆಬ್ಬೆರಳು ತಾನಾಗಿ ಮೇಲಿನ ಗಂಟಿನ ಕೆಳಗೆ ಹೋಯಿತು. ನಾನು ಮೆತ್ತಿದ್ದ ಮೇಣವನ್ನು ಯಾರೋ ಉಗುರಿನಿಂದ ಕೆರೆದಿದ್ದರು.

"ನಾ ಎಳಿಯಲ್ಲ ಅಪ್ಪ. ಹೆದೆ ಕುಯ್ದಿದೀನಿ."

"ಗೊತ್ತೈತೆ. ಅಂಗ್ಳದಾಗ ಏರ್ಸೋವಾಗ್ಲೇ ಬೆರಳಿಗೆ ಸಿಕ್ತು. ದಾರ್‍ಯಾಗಾದ್ರೂ ಬಾಯಿ ಬಿಡ್ತೀಯೇನೋ ಅಂತ ನೋಡ್ದೆ."

ಸಿಟ್ಟು ಬಂದರೆ ಅಪ್ಪ ತೆಲುಗಿಗೆ ತಿರುಗುತ್ತಾನೆ. ಆವತ್ತು ಕನ್ನಡದಲ್ಲೇ ಮಾತಾಡಿದ, ಅದರಿಂದಲೇ ನನಗೆ ಇನ್ನಷ್ಟು ಭಯವಾಯಿತು.

"ನಿನ್ನ ಕಣ್ಣು…" ಎಂದೆ.

"ನನ್ನ ಕಣ್ಣಿಂದು ನಂಗೆ ಗೊತ್ತಿಲ್ವೇನಲೇ? ನೀನು ಹೇಳು. ಇನ್ನೊಂದು ಗೇಣು ಎಳ್ದಿದ್ರೆ ಬ್ಯಾಡ ಅಂತಿದ್ಯೇನು?"

ಅನ್ನುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಸುಳ್ಳಾಗುತ್ತಿತ್ತು. ಕಣ್ಣಲ್ಲಿ ನೀರು ಬಂತು. ಅಪ್ಪ ನನ್ನ ಕೈಯಿಂದ ಬಿಲ್ಲು ತೆಗೆದುಕೊಂಡು, ಮಂಡಿಗೆ ಒತ್ತಿ ಹೆದೆ ಇಳಿಸಿ, ಅದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಅಷ್ಟರಲ್ಲಿ ಆ ಪೊದೆಯಿಂದಲೇ ಚಿಕ್ಕಪ್ಪ ಹೊರಗೆ ಬಂದ. ಪಂಚೆಗೆ ಅಂಟಿದ ಮುಳ್ಳು ಕೀಳುತ್ತಾ, ಹಿಂದೆ ಬರುತ್ತಿದ್ದವರಿಗೆಲ್ಲ ಕೇಳುವಂತೆ ಕೂಗಿದ: "ಯಾಕಣ್ಣಾ, ಬಾಣ ಬಿಡ್ಲಿಲ್ಲ? ಹೆದೆ ಯಾಕೆ ಇಳ್ಸಿದೆ?"

ನಾನು ತಲೆ ತಗ್ಗಿಸಿದೆ. ಈಗ ಹೇಳುತ್ತಾನೆ ಎಂದುಕೊಂಡೆ.

"ನಂಗೆ ಕಣ್ಣು ಕಾಣಲ್ಲಪ್ಪ," ಎಂದ ಅಪ್ಪ, ಎಲ್ಲರ ಮುಂದೆ. "ಮುಂದಿನ ವರ್ಷದಿಂದ ಬಂಡೆ ಮ್ಯಾಲೆ ನೀನು ನಿಂತ್ಕ."