ಬಾಗಿಲ ಮೇಲಿನ ನಲವತ್ತೊಂದು

ಪಿರಿಯಾಪಟ್ಟಣದಲ್ಲಿ ಕೊಪ್ಪದ ಬಸ್ಸು ತಪ್ಪಿತು. ಸುಮ್ಮನೆ ನಿಲ್ದಾಣದ ಹಿಂದಿನ ಕೂಲಿಕಾರರ ಮನೆಗಳ ಸಾಲಿನಲ್ಲಿ ನಡೆದೆ. ಬೆಳಗ್ಗೆ ಯಾರೋ ಬಂದು ಪ್ರತಿ ಬಾಗಿಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರಂತೆ. ಒಬ್ಬ ಹೆಂಗಸು ಮಾತ್ರ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ತನ್ನ ಮನೆಯ ನಂಬರನ್ನು ಉಜ್ಜಲು ಶುರುಮಾಡಿದ್ದರು.

"ಯಾಕಮ್ಮ ಅಳಿಸ್ತಿದ್ದೀರಿ? ಹಕ್ಕುಪತ್ರ ಕೊಡೋದಕ್ಕೆ ಬರೆದಿರಬಹುದು" ಎಂದೆ.

"ಮೊದ್ಲಿದ್ದ ಜಾಗ್ದಲ್ಲೂ ಅಂಗೇ ಅಂದಿದ್ರು ಕಣ್ರೀ. ನಂಬರ್ ಬರ್ದ ವಾರಕ್ಕೆ ಮನೆ ಕೆಡವಾಕ್ ಬಂದ್ರು. ನೀವ್ಯಾರು? ಅವರ ಕಡೇರಾ?"

ಬಸ್ಸಿಗೆ ಕಾಯುತ್ತಿರುವವನು ಎಂದೆ. ಅವರು ನನ್ನ ಚೀಲವನ್ನೂ ಚಪ್ಪಲಿಯನ್ನೂ ನೋಡಿದರು; ನಂಬಿದಂತೆ ಕಾಣಲಿಲ್ಲ. ಆದರೂ ಉಜ್ಜುವ ಕೈ ನಿಂತಿತು. ನಿಜಕ್ಕೂ ಹಕ್ಕುಪತ್ರ ಬಂದರೆ ನಂಬರಿಲ್ಲದ ಮನೆಯ ಗತಿಯೇನು ಎಂಬ ಯೋಚನೆ ಬಂದಿರಬೇಕು. ಒಳಗಿನಿಂದ ಒಂದು ಇದ್ದಿಲು ತಂದು ನನ್ನ ಕೈಗಿಟ್ಟರು.

"ನಂಗೆ ಓದು ಬರಾಕಿಲ್ಲ. ಒಳಗಡೆ ಗೋಡೆ ಮೇಲೆ ಇದ್ನೇ ಬರ್ಕೊಡಿ. ಯಾರ್ಗೂ ಕಾಣ್ಬಾರ್ದು."

ಒಲೆಯ ಪಕ್ಕ, ನೇತುಹಾಕಿದ್ದ ಸೀರೆಯ ಹಿಂದೆ ನಲವತ್ತೊಂದು ಎಂದು ಅಂಕಿಯಲ್ಲಿ ಬರೆದೆ. ಅವರು ಹೊರಗಿನದನ್ನೂ ಒಳಗಿನದನ್ನೂ ಎರಡು ಸಲ ನೋಡಿ ಬಂದರು. ಆಮೇಲೆ ಪಕ್ಕದ ಮನೆಯವಳನ್ನು ಕೂಗಿದರು.

"ಲಕ್ಸ್ಮಿ, ಬಾ ಇಲ್ಲಿ. ಈವಯ್ಯ ಸರಿಯಾಗ್ ಬರ್ದವ್ನಾ ನೋಡು. ಆಮೇಲೆ ಹೊರಗಿಂದು ಅಳಿಸ್ತೀನಿ."